ಅತ್ತೆಗೆ ದಾರಿ ಹೇಳಿರಲಿಲ್ಲ

ಸಾಂಗ್ಯೆ-ಡಾಂಗ್, ಸಿಯೋಲ್
ಭಾನುವಾರ, 20 ಅಕ್ಟೋಬರ್ 1996

ಬೋಮಿಯ ಅಪ್ಪನಿಗೆ,

ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ಎಂಜಿನ್ ಕೋಣೆಯ ಬಿಸಿಯಿಂದ ಎದ್ದು ನೇರವಾಗಿ ಡೆಕ್ಕಿನ ಗಾಳಿಗೆ ಹೋಗಬೇಡಿ ಎಂದು ಎಷ್ಟು ಸಲ ಬರೆದರೂ ನೀವು ಕೇಳುವವರಲ್ಲ. ಆದರೂ ಬರೆಯುವುದು ನನ್ನ ಕೆಲಸ, ಬರೆದಿದ್ದೇನೆ. ನಿಮ್ಮ ಹಡಗು ಸೇರಲು ಇವತ್ತು ಸಂಜೆ ಸಿಂಗಾಪುರದ ವಿಮಾನ ಹತ್ತುವ ಹೊಸ ಎಂಜಿನಿಯರು ಇನ್ನು ಸ್ವಲ್ಪ ಹೊತ್ತಿಗೆ ಮನೆಗೆ ಬಂದು ಈ ಕಾಗದವನ್ನೂ, ಮೆಣಸಿನ ಗೊಜ್ಜಿನ ಡಬ್ಬಿಯನ್ನೂ ಒಯ್ಯುತ್ತಾರೆ. ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕಿದ್ದೇನೆ. ತೆಗೆಯುವಾಗ ಅಂಗಿಯ ಮೇಲೆ ಚೆಲ್ಲಿಕೊಳ್ಳಬೇಡಿ.

ಇಲ್ಲಿ ಎಲ್ಲರೂ ಕ್ಷೇಮ. ಬೋಮಿಯ ಪರೀಕ್ಷೆಗೆ ಇನ್ನು ಒಂದು ತಿಂಗಳೂ ಇಲ್ಲ, ಹುಡುಗಿ ಪುಸ್ತಕದ ಮೇಲೇ ನಿದ್ದೆ ಹೋಗುತ್ತಾಳೆ. ಮಾವ ಈಗ ಬಾಲ್ಕನಿಯಲ್ಲಿ ಕೂತು ಮೂಲಂಗಿ ಹೆರೆಯುತ್ತಿದ್ದಾರೆ, ಬಿಸಿಲಿಗೆ ಬೆನ್ನು ಕೊಟ್ಟುಕೊಂಡು, ಏನೋ ಗೊಣಗಿಕೊಂಡು. ಮಾವ ಮನೆಯಲ್ಲಿದ್ದಾರೆ ಎಂಬ ಇಷ್ಟು ಸಣ್ಣ ಮಾತನ್ನು ಬರೆಯಲು ನನಗೆ ಆಗುತ್ತದೋ ಇಲ್ಲವೋ ಎಂದು ನಿನ್ನೆ ಇಡೀ ದಿನ ಹೆದರಿದ್ದೇನೆ. ಅದನ್ನೇ ಹೇಳಲು ಕೂತಿದ್ದೇನೆ. ನೀವು ಅರ್ಧಕ್ಕೇ ಸಿಟ್ಟು ಮಾಡಿಕೊಳ್ಳದೆ ಕೊನೆಯವರೆಗೆ ಓದಬೇಕು.

ಮೊದಲು ಗೊತ್ತಿರುವ ಸಂಗತಿ. ಆಗಸ್ಟ್‌ನಲ್ಲಿ ಮಾವ ಗ್ಯಾಸ್ ಹಚ್ಚಿ ಮರೆತು ಹೊರಗೆ ಹೋದರು. ಸೆಪ್ಟೆಂಬರ್‌ನಲ್ಲಿ ಚಂಗ್ನ್ಯಾಂಗ್ನಿ ಸಂತೆಯಲ್ಲಿ ದಾರಿ ತಪ್ಪಿದರು, ಪೊಲೀಸರು ನಿಮ್ಮ ಅಕ್ಕನಿಗೆ ಫೋನ್ ಮಾಡಿದರು. ಆವತ್ತೇ ನಿಮ್ಮ ಅಕ್ಕ ಉಯಿಜಾಂಗ್ಬು ಆಚೆಯ ವೃದ್ಧಾಶ್ರಮವೊಂದರಲ್ಲಿ ಮಾತಾಡಿ ಬಂದು, 'ನೋಡು ಹೇರನ್, ಇನ್ನೊಂದ್ಸಲ ಹೀಗಾದ್ರೆ ಅಪ್ಪನ್ನ ಅಲ್ಲಿಗೇ ಕಳಿಸೋದು, ಆಮೇಲೆ ಅಳ್ಬೇಡ' ಎಂದರು. ನಿಮಗೂ ಬರೆದರು. ನೀವು ಏನು ಮಾಡಿದಿರಿ? 'ಅಕ್ಕ ಹೇಳಿದಂತೆ ಮಾಡು' ಎಂದು ಒಂದೇ ಸಾಲು ಬರೆದು ಕೈತೊಳೆದುಕೊಂಡಿರಿ. ಆ ಸಾಲು ಓದಿ ನಾನು ಎರಡು ದಿನ ನಿಮ್ಮ ಫೋಟೋದ ಜೊತೆ ಮಾತು ಬಿಟ್ಟಿದ್ದೆ. ನಗಬೇಡಿ, ನಿಜ.

ನಿಮ್ಮ ಅಕ್ಕ ಕೆಟ್ಟವರಲ್ಲ. ಹೆದರಿದ್ದಾರೆ ಅಷ್ಟೆ. ಆದರೆ ಮಾವನ ಜೊತೆ ದಿನ ಕಳೆಯುವವಳು ನಾನು. ನಮ್ಮಿಬ್ಬರ ನಡುವೆ ಏನು ನಡೆಯಿತು ಎಂದು ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಜೂನ್‌ನಲ್ಲಿ ಯೊಂಗ್ಡೊ ಗುಡ್ಡದ ಮನೆಗಳನ್ನು ಕೆಡವಲು ಶುರುಮಾಡಿದಾಗ ನಾವು ಬೂಸಾನ್ ಬಿಟ್ಟೆವಲ್ಲ, ಆಗ ಮಾಡಬೇಕಾದ್ದನ್ನೆಲ್ಲ ಮಾಡಿದೆ. ಒಳ್ಳೆಯ ದಿನ ನೋಡಿದೆ. ಹೊಸ ಮನೆಗೆ ಎಲ್ಲಕ್ಕಿಂತ ಮೊದಲು ಅನ್ನದ ಪಾತ್ರೆಯನ್ನೇ ಹೊತ್ತು ಒಳಗೆ ಹೋದೆ. ಗಂಟುಮೂಟೆಗಳ ನಡುವೆ ಪೇಪರ್ ಹಾಸಿ, ಮನೆ ಬದಲಿಸಿದ ದಿನ ಎಲ್ಲರೂ ತರಿಸುವಂತೆ ಕರಿ ಗೊಜ್ಜಿನ ಶ್ಯಾವಿಗೆ ತರಿಸಿದೆ. ಮಾವ ಬಟ್ಟಲಿನೊಳಗೆ ಇಣುಕಿ, 'ಮೇಲೆ ಹುರಿದ ಮೊಟ್ಟೆ ಎಲ್ಲಿ? ಈ ಊರಲ್ಲಿ ಕೋಳಿ ಮೊಟ್ಟೆ ಇಡಲ್ವಾ?' ಎಂದರು. ಬೂಸಾನಿನಲ್ಲಿ ಮಾತ್ರ ಮೊಟ್ಟೆ ಹಾಕುತ್ತಾರೆ ಎಂದು ನನಗೂ ಆವತ್ತೇ ತಿಳಿದದ್ದು. ಅಲ್ಲಿಂದ ಮೂರು ವಾರ ಆ ಮನುಷ್ಯ ನನ್ನ ಜೊತೆ ಮಾತಾಡಲಿಲ್ಲ. ಹದಿನಾಲ್ಕನೇ ಮಹಡಿಯ ಕಿಟಕಿಗೆ ಮುಖ ಮಾಡಿ ಕೂರುವುದು, ಬಡಿಸಿದ್ದರಲ್ಲಿ ಅರ್ಧ ಬಿಡುವುದು. ಶಾಲೆಯ ಅಡುಗೆಮನೆಯಲ್ಲಿ ದಿನವಿಡೀ ಬೇಯಿಸಿ ಬಂದವಳಿಗೆ ಮನೆಯಲ್ಲಿ ಆ ಅರ್ಧ ಬಟ್ಟಲು ನೋಡಿದರೆ ಮೈ ಉರಿಯುತ್ತಿತ್ತು.

ಒಂದು ಭಾನುವಾರ ರೇಗಿ, 'ನನ್ನ ಕೈ ಅಡುಗೆ ಬೇಡ ಅಂದ್ರೆ ಬನ್ನಿ, ಊರೋರ ಕೈ ಅಡುಗೆ ತಿನ್ನಿಸ್ತೀನಿ' ಎಂದು ಎಬ್ಬಿಸಿಕೊಂಡು ಹೊರಟೆ. ಹಾಗೆ ಶುರುವಾಯಿತು ನಮ್ಮ ತಿರುಗಾಟ. ಪ್ರತಿ ಭಾನುವಾರ ನೀಲಿ ಗೆರೆಯ ಮೆಟ್ರೋ ಹತ್ತಿ ಒಂದೊಂದು ಕಡೆ ಇಳಿಯುವುದು. ಹಂದಿ ಎಲುಬಿನ ಸಾರನ್ನದ ಅಂಗಡಿಯಲ್ಲಿ ಈರುಳ್ಳಿ ಸೊಪ್ಪು ಕೇಳಿ ಅವರು ಕೊಡದಿದ್ದಾಗ ಒಂದು ಜಗಳ. ಉಲ್ಜಿರೋದಲ್ಲಿ ಉತ್ತರದವರ ತಣ್ಣನೆ ಶ್ಯಾವಿಗೆ ಬಾಯಿಗಿಟ್ಟು, 'ಇದು ಪಾತ್ರೆ ತೊಳೆದ ನೀರು' ಎಂದು ಗಟ್ಟಿಯಾಗಿ ಅಂದುಬಿಟ್ಟರು. ಪಕ್ಕದ ಮೇಜಿನಲ್ಲಿದ್ದ ಪ್ಯೊಂಗ್ಯಾಂಗ್ ಮುದುಕರೆಲ್ಲ ನಮ್ಮನ್ನು ನುಂಗುವಂತೆ ನೋಡಿದರು, ನನಗೆ ಮೇಜಿನ ಕೆಳಗೆ ಹೊಕ್ಕುಬಿಡೋಣ ಅನ್ನಿಸಿತು. ತಿಂಗಳಾದ ಮೇಲೆ ತಾವಾಗಿಯೇ, 'ಆ ತೊಳೆದ ನೀರು ಇನ್ನೊಂದ್ಸಲ ಕುಡಿಯೋಣ್ವಾ' ಎಂದರು. ನಾಮ್‌ಡೇಮುನ್ ಮಾರುಕಟ್ಟೆಯ ಸಂದಿಯಲ್ಲಿ ಮಾತ್ರ ತಕರಾರಿಲ್ಲ. ಜಜ್ಜಿದ ಪಾತ್ರೆಯಲ್ಲಿ ಮೂಲಂಗಿ ಹಾಕಿ ಕೆಂಪಗೆ ಕುದಿಸಿದ ಗಾಲ್ಚಿ ಮೀನು. ಮಾವ ಮಾತಿಲ್ಲದೆ ಮುಳ್ಳು ಬಿಡಿಸಿ, ದಪ್ಪ ತುಂಡನ್ನು ಎತ್ತಿ ನನ್ನ ಅನ್ನದ ಮೇಲಿಟ್ಟರು. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ. ನಾನು ಖಾರ ಎಂದು ಹೇಳಿ ನೀರು ಕುಡಿದೆ. ಅಂಗಡಿಯ ಹೆಂಗಸಿಗೂ ಅವರೆಂದರೆ ಸಲುಗೆ, 'ಬೂಸಾನ್ ಅಜ್ಜ' ಎಂದೇ ಕರೆಯುತ್ತಾಳೆ. ಈ ದೊಡ್ಡ ಊರು ನನಗೆ ಊರು ಅನ್ನಿಸಿದ್ದು ಮಾವನ ಜೊತೆ ತಿಂದು ತಿರುಗಿದ ಮೇಲೆಯೇ.

ಹಾಗಿರುವಾಗ ಕಳೆದ ತಿಂಗಳ ಸುಗ್ಗಿ ಹಬ್ಬ ಬಂತು. ಹಿರಿಯರಿಗೆ ಎಡೆ ಇಟ್ಟೆ. ಅತ್ತೆಗೆ ಇಷ್ಟವಾದ ಮೂಲಂಗಿ-ಮಾಂಸದ ಸಾರು, ಮೊಟ್ಟೆಯಲ್ಲಿ ಅದ್ದಿ ಬೇಯಿಸಿದ ಮೀನು, ಯಾವುದಕ್ಕೂ ಕೊರತೆ ಮಾಡಲಿಲ್ಲ. ಪೂಜೆ ಮುಗಿದು ಎಲ್ಲರೂ ಊಟಕ್ಕೆ ಕೂತಾಗ ಮಾವ ಎಡೆಯ ಸಾರನ್ನು ಒಂದು ಚಮಚ ಕುಡಿದು ಚಮಚ ಕೆಳಗಿಟ್ಟರು. 'ಅವಳು ತಿಂದಿಲ್ಲ. ರುಚಿ ಇದ್ದ ಹಾಗೇ ಇದೆ' ಎಂದರು. ಹಿರಿಯರು ಉಂಡುಹೋದ ಎಡೆಯಲ್ಲಿ ರುಚಿ ಇಳಿದಿರುತ್ತದೆ ಎಂದು ನಮ್ಮಜ್ಜಿಯೂ ಹೇಳುತ್ತಿದ್ದಳು. ನಿಮ್ಮ ಅಕ್ಕ ನನ್ನ ಮುಖ ನೋಡಿ, ತಮ್ಮ ಹಣೆಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ನಾನೂ ತಲೆ ತಗ್ಗಿಸಿದೆ. ಮುದುಕರ ಬುದ್ಧಿ ಎಂದುಕೊಂಡೆ.

ಈಗ ನಿನ್ನೆಯ ಮಾತು. ನಿನ್ನೆ ಅತ್ತೆಯ ತಿಥಿ ಎಂದು ನಿಮಗೆ ನೆನಪಿದೆಯೋ, ಅಥವಾ ಸಮುದ್ರದಲ್ಲಿ ತಾರೀಖು ಕಳೆದುಕೊಂಡಿದ್ದೀರೋ. ಬೆಳಗ್ಗೆ ನಾನು ಎದ್ದಾಗ ಮಾವನ ಹಾಸಿಗೆ ಮಡಿಸಿತ್ತು. ವಾಕಿಂಗಿಗೆ ಹೋಗಿದ್ದಾರೆ ಎಂದುಕೊಂಡು ಮೀನು ಬೇಯಿಸುತ್ತ ಕೂತೆ. ಹತ್ತಾಯಿತು, ಹನ್ನೊಂದಾಯಿತು. ಕೆಳಗೆ ಇಳಿದು ಮುದುಕರು ಚೆಸ್ ಆಡುವ ಬೆಂಚು ನೋಡಿದೆ, ಇಲ್ಲ. ಕಾವಲುಗಾರ, 'ಕೋಟು ಟೋಪಿ ಹಾಕ್ಕೊಂಡು ಬೆಳಕು ಹರಿಯೋ ಮುಂಚೆನೇ ಹೋದ್ರಲ್ಲಮ್ಮ, ಮದುವೆಗೇನೋ ಅಂದ್ಕೊಂಡೆ' ಎಂದ. ನಿಮ್ಮ ಅಕ್ಕ ಸಂಜೆ ತಿಥಿಗೆ ಬರುವವರು. ಅಷ್ಟರೊಳಗೆ ಮಾವ ಮನೆಯಲ್ಲಿ ಇರದಿದ್ದರೆ ಇದೇ ಆ 'ಇನ್ನೊಂದ್ಸಲ'. ಪೊಲೀಸರಿಗೆ ಹೇಳಿದರೆ ಅವರು ಮೊದಲು ಫೋನ್ ಮಾಡುವುದೇ ನಿಮ್ಮ ಅಕ್ಕನಿಗೆ. ಬೋಮಿಯನ್ನು ಓದುವ ಕೋಣೆಯಿಂದ ಕರೆಸಿ ಫೋನಿನ ಪಕ್ಕ ಕೂರಿಸಿ, ಎಣ್ಣೆ ಕೈಯಲ್ಲೇ ಹೊರಟೆ.

ಎಲ್ಲಿ ಹುಡುಕಲಿ? ಅವರಿಗೆ ಗೊತ್ತಿರುವ ಸಿಯೋಲ್ ಎಂದರೆ ನಾವು ತಿಂದ ಜಾಗಗಳು ಮಾತ್ರ. ಅವನ್ನೇ ಒಂದೊಂದಾಗಿ ಹಿಡಿದೆ. ಸಾರನ್ನದವನು ಬಂದಿಲ್ಲ ಎಂದ. ಜಾಂಗ್‌ಚುಂಗ್‌ನಲ್ಲಿ ಹಂದಿಕಾಲು ಮಾರುವ ಅಜ್ಜಿ, 'ಆ ಜಗಳಗಂಟ ಮುದುಕನಾ? ಬಂದಿದ್ರೆ ಬೀದಿಗೇ ಗೊತ್ತಾಗ್ತಿತ್ತು' ಎಂದು ನಕ್ಕಳು. ನನಗೆ ನಗು ಬರಲಿಲ್ಲ. ತಣ್ಣನೆ ಶ್ಯಾವಿಗೆಯ ಅಂಗಡಿಯಲ್ಲಿ ಸಾಲಿನಲ್ಲಿ ನಿಂತ ಒಬ್ಬೊಬ್ಬ ಮುದುಕನ ಟೋಪಿಯ ಕೆಳಗೂ ಬಗ್ಗಿ ನೋಡಿದೆ. ಒಬ್ಬರು ಗದರಿದರು. ಪ್ರತಿ ಸ್ಟೇಷನ್ನಿನಲ್ಲೂ ಹಳಿಯ ಮೇಲೆ ಕಣ್ಣು ಹೋಗುತ್ತಿತ್ತು, ಬೇಡ ಬೇಡ ಎಂದರೂ ಹೋಗುತ್ತಿತ್ತು. ಮಾವ ಅಲ್ಲಿ ಬಿದ್ದಿದ್ದರೆ ಎಂದು. ಕೊನೆಗೆ ನಾಮ್‌ಡೇಮುನ್ ಸಂದಿಗೆ ಬಂದಾಗ ಮೀನಿನಂಗಡಿಯ ಹೆಂಗಸು ನನ್ನನ್ನು ಕಂಡವಳೇ, 'ಏನಮ್ಮಾ, ಬೂಸಾನ್ ಅಜ್ಜಂಗೆ ಹೆಂಡ್ತಿ ಇದ್ದಾಳಾ? ಇಷ್ಟು ದಿನ ಹೇಳ್ಲೇ ಇಲ್ಲ!' ಎಂದಳು. ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಬಂದಿದ್ದರಂತೆ. 'ಇವತ್ತು ನನ್ನ ಹೆಂಡ್ತಿನ ಕರ್ಕೊಂಡು ಬರ್ತೀನಿ. ಅವಳಿಗೆ ಕಿವಿ ಕೇಳಲ್ಲ, ಊರು ಗೊತ್ತಿಲ್ಲ. ನಿನ್ನಂಗಡಿ ಗುರುತು ತೋರಿಸಿಡ್ತೀನಿ' ಎಂದು ಹೇಳಿ, ಸ್ಟೇಷನ್ ಕಡೆ ನಡೆದು ಹೋದರಂತೆ.

ನಾನು ಆ ಸಂದಿಯಲ್ಲೇ, ಮೀನಿನ ನೀರು ಹರಿಯುವ ಜಾಗದಲ್ಲೇ ಕುಕ್ಕರಿಸಿ ಕೂತೆ. ಎಲ್ಲ ಮಾಡಿದೆ ಎಂದುಕೊಂಡಿದ್ದೆನಲ್ಲ! ಒಳ್ಳೆಯ ದಿನ, ಅನ್ನದ ಪಾತ್ರೆ, ಶ್ಯಾವಿಗೆ. ಮನೆ ಬದಲಾಯಿಸುತ್ತಿದ್ದೇವೆ ಎಂದು ಅತ್ತೆಗೆ ಹೇಳಿದವರು ಯಾರು? ಎಡೆ ಇಟ್ಟು, ಹಿರಿಯರು ಒಳಗೆ ಬರಲೆಂದು ಬಾಗಿಲು ತೆರೆದಿಟ್ಟೆ. ಯಾವ ಊರಿನ ಬಾಗಿಲು? ಜೀವಮಾನವಿಡೀ ಯೊಂಗ್ಡೊ ದಾಟಿ ಹೋಗದ ಹೆಂಗಸು. ಹಡಗಿನ ತುಕ್ಕನ್ನು ಸುತ್ತಿಗೆಯಿಂದ ಬಡಿದು ಬಡಿದು ಕಿವಿ ಕಳೆದುಕೊಂಡವಳು. ಸಾವಿರಾರು ಕಿಟಕಿಗಳ ಈ ಕಟ್ಟಡಗಳಲ್ಲಿ ನಮ್ಮದು ಯಾವುದೆಂದು ಯಾರನ್ನು ಕೇಳಿಯಾಳು, ಕೇಳಿದರೂ ಉತ್ತರ ಹೇಗೆ ಕೇಳಿಸಿಕೊಂಡಾಳು? ನೀವು ಎಂಜಿನ್ ನಂಬುವವರು, ನಿಮಗೆ ಇದು ಹುಚ್ಚು ಅನ್ನಿಸಬಹುದು. ಹಾಗಾದರೆ ಪ್ರತಿ ವರ್ಷ ಬಾಗಿಲು ತೆರೆದು ನಿಲ್ಲುತ್ತಿದ್ದವರು ಯಾರು? ನೀವೇ ಅಲ್ಲವೇ?

ಮಾವ ಅತ್ತೆಯನ್ನು ಕರೆತರಲು ಬೂಸಾನಿಗೇ ಹೋಗಿರಬೇಕು ಎಂದು ಸಿಯೋಲ್ ಸ್ಟೇಷನ್ನಿನ ಹೊರಬರುವ ಬಾಗಿಲಲ್ಲಿ ನಿಂತೆ. ಬೂಸಾನಿನಿಂದ ರೈಲು ಬಂತು, ಇಲ್ಲ. ಇನ್ನೊಂದು ಬಂತು, ಇಲ್ಲ. ಫೋನ್ ಬೂತಿಗೆ ಓಡಿ ಬೋಮಿಗೆ ಮಾಡಿ, ಅಜ್ಜ ಬೂಸಾನಿಗೆ ಹೋಗಿದ್ದಾರೆ ಎಂದೆ. 'ಅಮ್ಮಾ, ಸೋದರತ್ತೆ ಆಗಲೇ ಬಂದಿದ್ದಾರೆ, ಅಡುಗೆಮನೇಲಿದ್ದಾರೆ' ಎಂದು ಪಿಸುಗುಟ್ಟಿ ಇಟ್ಟುಬಿಟ್ಟಳು. ಮನೆಗೆ ಓಡಲೇ, ಇಲ್ಲೇ ನಿಲ್ಲಲೇ? ಮನೆಗೆ ಹೋಗಿ ಸುಳ್ಳು ಹೇಳುತ್ತ ನಿಂತಾಗ ಮಾವ ಇಲ್ಲಿ ಇಳಿದು ಜನರ ನಡುವೆ ಕರಗಿಹೋದರೆ? ನಿಂತೆ. ಆರು ದಾಟಿತು. ಜನ ನುಗ್ಗಿ ಬಂದರು, ತೆಳುವಾದರು, ಮುಗಿದರು. ಬಾಗಿಲು ಮುಚ್ಚಲು ರೈಲ್ವೆಯವನು ಬಂದಾಗ ದೂರದಲ್ಲಿ ಟೋಪಿ ಕಂಡಿತು. ಮಾವ ನಿಧಾನವಾಗಿ ಬರುತ್ತಿದ್ದರು, ಒಂದು ಕೈ ಸ್ವಲ್ಪ ಹಿಂದಕ್ಕೆ ಚಾಚಿ, ಮೆಟ್ಟಿಲು ಇಳಿಯಲು ಮಂಡಿ ನೋಯುವವರಿಗೆ ಕೊಡುತ್ತಾರಲ್ಲ, ಹಾಗೆ. ಬಾಗಿಲಲ್ಲಿ ಎರಡು ಟಿಕೆಟ್ ಕೊಟ್ಟರು. ರೈಲ್ವೆಯವನು ಅವರ ಹಿಂದೆ ನೋಡಿದ. ಮಾವ, 'ಇಬ್ಬರು' ಎಂದರು. ಅವನು ಇನ್ನೊಮ್ಮೆ ನೋಡಿ, ಸುಮ್ಮನೆ ಎರಡನ್ನೂ ತೆಗೆದುಕೊಂಡ.

ಬಯ್ಯಬೇಕೆಂದು ದಿನವಿಡೀ ಕೂಡಿಸಿಟ್ಟ ಮಾತು ಒಂದೂ ಬರಲಿಲ್ಲ, ಅಳು ಬಂತು. ಮಾವ, 'ಯಾಕೆ ಬಂದೆ? ಮೀನು ಯಾರು ಬೇಯಿಸ್ತಿದ್ದಾರೆ?' ಎಂದರು. ಆಮೇಲೆ ಪಕ್ಕಕ್ಕೆ ತಿರುಗಿ ಗಟ್ಟಿಯಾಗಿ, 'ಸೊಸೆ ಬಂದಿದ್ದಾಳೆ ನೋಡೇ' ಎಂದರು. ಯೊಂಗ್ಡೊದಲ್ಲಿ ನಮ್ಮ ಮನೆ ಇದ್ದ ಜಾಗದಲ್ಲಿ ತಗಡಿನ ಬೇಲಿಯಂತೆ, ಒಳಗೆ ಮಣ್ಣಿನ ಗುಡ್ಡೆ. ಆ ಬೇಲಿಯ ಮುಂದೆ ನಿಂತು ಕೂಗಿ ಕರೆದರಂತೆ, ಕೆಲಸದವರೆಲ್ಲ ನೋಡುತ್ತಿದ್ದರಂತೆ. 'ಹಬ್ಬದಿಂದ ಅಲ್ಲೇ ನಿಂತಿದ್ದಾಳೆ ಪಾಪ' ಎಂದು ನನಗೆ ಹೇಳಿದರು. ನಿಮ್ಮ ಅಕ್ಕ ಮನೆಯಲ್ಲಿ ಕಾಯುತ್ತಿದ್ದಾರೆ, ಬೇಗ ನಡೆಯಿರಿ ಎಂದೆ. 'ಕಾಯಲಿ ಬಿಡು. ಸತ್ತವಳೇ ಕಾದಿದ್ದಾಳೆ' ಎಂದರು.

ಮೆಟ್ರೋದಲ್ಲಿ ಅವರ ಪಕ್ಕ ಖಾಲಿ ಜಾಗವಿತ್ತು. ನಾನು ಕೂರಲು ಹೋದವಳು ತಡೆದು ಅದರಾಚೆ ಕೂತೆ. ಮಾವ ಅತ್ತೆಗೆ ಕೇಳಿಸುವಷ್ಟು ಗಟ್ಟಿಯಾಗಿ ಒಂದೊಂದು ಸ್ಟೇಷನ್ನಿಗೂ ಹೇಳುತ್ತ ಬಂದರು. 'ಇಲ್ಲಿಳಿದರೆ ಗಾಲ್ಚಿ ಮೀನು, ನಮ್ಮೂರಿನ ಥರಾನೇ ಖಾರ ಹಾಕ್ತಾಳೆ. ಇಲ್ಲಿಳಿದು ನಡೆದರೆ ಪಾತ್ರೆ ತೊಳೆದ ನೀರು, ಮೊದಲು ಸಪ್ಪೆ ಅನ್ಸುತ್ತೆ, ಬಿಡಬೇಡ. ಇಲ್ಲಿ ಹಂದಿಕಾಲು, ಆ ಅಜ್ಜಿ ಬಾಯಿ ಜೋರು, ನೀನು ಕೇಳಿಸ್ಕೊಳ್ಳಲ್ಲ, ಪರವಾಗಿಲ್ಲ.' ಇಡೀ ಬೋಗಿ ನಮ್ಮನ್ನೇ ನೋಡುತ್ತಿತ್ತು. ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ನನಗೆ ನಾಚಿಕೆಯಾಗಲಿಲ್ಲ, ನಿಮ್ಮ ಅಕ್ಕನ ಭಯ ಮಾತ್ರ ಇತ್ತು. ಒಬ್ಬರು ಕೂರಲು ಬಂದಾಗ, 'ಇಲ್ಲಿ ಜನ ಇದ್ದಾರೆ' ಎಂದು ನಾನೇ ಹೇಳಿದೆ.

ಬಾಗಿಲು ತೆಗೆದದ್ದು ನಿಮ್ಮ ಅಕ್ಕ. ಸೊಂಟಕ್ಕೆ ಕೈಕೊಟ್ಟು ನಿಲ್ಲುವುದು ನಿಮ್ಮ ಮನೆತನಕ್ಕೆ ಬಂದದ್ದು. ಅವರ ಹಿಂದೆ ನಿಂತ ಬೋಮಿ ಕಣ್ಣಲ್ಲೇ ಏನೋ ಬೇಡುತ್ತಿದ್ದಳು. 'ಬೂಸಾನ್‌ಗೆ ಅಪ್ಪನ್ನ ನೀನೇ ಕರ್ಕೊಂಡು ಹೋಗಿದ್ಯಂತೆ? ತಿಥಿ ದಿನ, ಮೀನು ಅರ್ಧ ಬೇಯಿಸಿ ಬಿಟ್ಟು? ಬೋಮಿ ಹೇಳಿದಳು' ಎಂದರು. ಸುಳ್ಳು ಶುರುಮಾಡಿದ್ದು ನಮ್ಮ ಮಗಳು. ನಾನೂ 'ಹೌದು' ಎಂದೆ. ನಿಮ್ಮ ಅಕ್ಕ ದಡ್ಡರಲ್ಲ, ನನ್ನನ್ನು ಬಿಟ್ಟು ಮಾವನನ್ನು ಹಿಡಿದರು. 'ಅಪ್ಪಾ, ನಿಜ ಹೇಳಿ, ಇವಳ ಜೊತೆ ಬಂದ್ರಾ?' ನಿಮ್ಮ ಅಪ್ಪನ ಬಾಯಲ್ಲಿ ಸುಳ್ಳು ಹುಟ್ಟುವುದಿಲ್ಲ ಎಂದು ನಿಮಗೂ ಗೊತ್ತು. ಮಾವ ಬೂಟು ಬಿಚ್ಚುತ್ತ, 'ಇಬ್ಬರು ಹೆಂಗಸರನ್ನ ಕರ್ಕೊಂಡು ಬಂದೆ, ಸುಸ್ತಾಗಿದೆ, ದಾರಿ ಬಿಡು' ಎಂದರು. 'ಇಬ್ಬರಾ?' ಎಂದು ನಿಮ್ಮ ಅಕ್ಕ. 'ಮತ್ತೆ? ತಿಥಿ ಯಾರದು ಇವತ್ತು? ನಿಮ್ಮಮ್ಮ ಬರೋದು ಬೇಡ್ವಾ?' ಎಂದು, ತಾವೇ ಬಾಗಿಲು ಮುಚ್ಚಿದರು. ಪೂಜೆಗೆ ಅದನ್ನು ತೆರೆದಿಡಲು ಬಿಡಲಿಲ್ಲ. ಬಂದಾಯಿತಲ್ಲ, ಇನ್ನು ತಣ್ಣನೆ ಗಾಳಿ ಯಾಕೆ ಎಂದರು.

ಪೂಜೆಯಾದ ಮೇಲೆ ಎಡೆಯ ಸಾರು ಎಲ್ಲರಿಗೂ ಬಡಿಸಿದೆ. ಮಾವ ಕುಡಿದು, ಬಟ್ಟಲು ಖಾಲಿ ಮಾಡಿ, ಇನ್ನೊಂದು ಬಟ್ಟಲು ಕೇಳಿದರು. ನಿಮ್ಮ ಅಕ್ಕ ಒಂದು ಚಮಚ ಕುಡಿದವರು ಬಹಳ ಹೊತ್ತು ಚಮಚ ಬಾಯಲ್ಲೇ ಇಟ್ಟುಕೊಂಡು ಕೂತಿದ್ದರು. ಸಾರು ಸಪ್ಪೆಯಾಗಿತ್ತು. ಉಪ್ಪು ಹಾಕುವುದನ್ನು ನಾನೇ ಮರೆತಿದ್ದೆನೋ ಏನೋ, ನಿನ್ನೆ ನನ್ನ ತಲೆ ನನ್ನ ಹತ್ತಿರ ಇರಲಿಲ್ಲ. ಹೊರಡುವಾಗ ಲಿಫ್ಟಿನ ಹತ್ತಿರ ನನ್ನ ಕೈ ಹಿಡಿದು, 'ಯಾರನ್ನ ಕೇಳಿ ಅಷ್ಟು ದೂರ ಕರ್ಕೊಂಡು ಹೋದೆ?' ಎಂದು ಮೆಲ್ಲಗೆ ಕೇಳಿದರು. ಉತ್ತರ ಕೊಟ್ಟೆ. ನಂಬಿದರೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ.

ಬಾಲ್ಕನಿಯಿಂದ ಮಾವ ಕೂಗುತ್ತಿದ್ದಾರೆ, ಮೂಲಂಗಿ ಮುಗಿಯಿತಂತೆ, ಇವತ್ತು ಭಾನುವಾರ, ಎಲ್ಲಿಗೆ ಹೋಗುವುದು ಎಂದು ಕೇಳುತ್ತಿದ್ದಾರೆ. ಬೋಮಿಯ ನಮಸ್ಕಾರ. ಹೊಟ್ಟೆ ತುಂಬ ಉಣ್ಣಿ, ಬಿಸಿಯಿಂದ ಗಾಳಿಗೆ ಹೋಗಬೇಡಿ. ಸಮುದ್ರ ನಿಮ್ಮನ್ನು ಮೆತ್ತಗೆ ನಡೆಸಿಕೊಳ್ಳಲಿ.

ನಿಮ್ಮ,
ಹೇರನ್

ವಿ.ಸೂ. ಎಂಜಿನಿಯರು ಕೆಳಗಿನಿಂದ ಗಂಟೆ ಒತ್ತಿದ್ದಾರೆ, ಬೇಗ ಬರೆಯುತ್ತೇನೆ. ನಿಮ್ಮ ಅಕ್ಕನಿಗೆ ನಾನು ಕೊಟ್ಟ ಉತ್ತರ ಇದು: 'ನಿಮ್ಮ ತಮ್ಮ ಹಡಗಿನಿಂದ ಹೇಳಿ ಕಳಿಸಿದ್ದರು, ಈ ಸಲ ಅಮ್ಮನನ್ನು ಬೂಸಾನಿಗೆ ಹೋಗಿ ಕರೆದುಕೊಂಡು ಬನ್ನಿ ಅಂತ.' ಅವರು ಗುರುವಾರ ಸಿಂಗಾಪುರ ಬಂದರಿಗೆ ಫೋನ್ ಮಾಡಿ ನಿಮ್ಮನ್ನೇ ಕೇಳುತ್ತಾರೆ. 'ನಾನು ಹೇಳಲಿಲ್ಲ' ಎಂದರೆ ಶುಕ್ರವಾರ ಆಶ್ರಮದ ವ್ಯಾನ್ ಬರುತ್ತದೆ. ಹೌದು ಎನ್ನಿ. ಅವರು ನಿಮ್ಮ ತಂದೆ, ಅವಳು ನಿಮ್ಮ ತಾಯಿ, ನೀವು ಹಿರಿಯ ಮಗ. ಇದನ್ನು ನಾನು ಹೇಳಿಕೊಡುವ ಮೊದಲೇ ನೀವು ಹೇಳಬೇಕಿತ್ತು.